ಚಿತ್ರಗಾರ ತೋಮಸ್ ಹಿಕಿಯ ಜೀವನವೃತ್ತಾಂತ

ಕತಗಾಲದ ಸುತ್ತಿನ ಯಾವ ಶಾಲೆಯಲ್ಲಿಯಾದರೂ ಹಾಜರಿ ಕರೆಯುವಾಗ ಹೆಗಡೆ ಎಂದರೆ ನಾಲ್ವರು, ನಾಯ್ಕ ಎಂದರೆ ಆರು ಮಂದಿ ಓಗೊಡುವರು. ಅಡ್ಡಹೆಸರು ಒಂದೇ ಆದರೂ ಮನೆಗಳು ಬೇರೆ. ಹಿಕಿ ಎಂಬ ಐರ್ಲೆಂಡಿನ ಅಡ್ಡಹೆಸರಿನ ಸಂಗತಿಯೂ ಇಂಥದೇ. 1780ರಲ್ಲಿ ಕಲ್ಕತ್ತೆಯಲ್ಲಿ ಹಿಂದುಸ್ಥಾನದ ಮೊದಲನೆಯ ವೃತ್ತಪತ್ರಿಕೆಯನ್ನು ಅಚ್ಚು ಹಾಕಿಸಿದ ಜೇಮ್ಸ್ ಹಿಕಿ ಒಬ್ಬನು. ಅದೇ ನಗರದಲ್ಲಿ ವಕೀಲಿ ಮಾಡಿ ತನ್ನ ಚರಿತ್ರೆಯನ್ನು ಬರೆದಿಟ್ಟ ವಿಲಿಯಂ ಹಿಕಿ ಮತ್ತೊಬ್ಬನು. ಡಬ್ಲಿನ್ನಿನ ಶಿಲ್ಪಿ ಜಾನ್ ಹಿಕಿ ಇನ್ನೊಬ್ಬನು. ಇಂಗ್ಲಿಷಿನಲ್ಲಿ ಜೇಮ್ಸನ ಹೆಸರಿಗೆ ಒಂದಕ್ಷರ ಕಡಿಮೆಯುಂಟು. ಕನ್ನಡದಲ್ಲಿ ಬರೆದರೆ ಆ ಭೇದವೂ ಉಳಿಯದು. ನಾವು ಇಲ್ಲಿ ಹೇಳಹೊರಟಿರುವುದು ಜಾನನ ಅಣ್ಣನಾದ ತೋಮಸನ ವಿಷಯವನ್ನು.

ಈತನು 1741ರಲ್ಲಿ ಡಬ್ಲಿನ್ನಿನಲ್ಲಿ ಮಿಠಾಯಿ ವ್ಯಾಪಾರಿಯೊಬ್ಬನ ಮಗನಾಗಿ ಹುಟ್ಟಿದನು. ಅಲ್ಲಿಯ ಚಿತ್ರಶಾಲೆಯಲ್ಲಿ ಕಲಿತು ಇಟಲಿಗೂ ಹೋಗಿ ಬಂದನು. 1780ರಲ್ಲಿ ಹಿಂದುಸ್ಥಾನಕ್ಕೆ ಹೊರಟಾಗ ಆತನಿದ್ದ ಹಡಗು ಶತ್ರುಗಳ ವಶವಾಯಿತು. ಹೀಗಾಗಿ ಕೆಲವು ಕಾಲ ಲಿಸ್ಬನ್ನಿನಲ್ಲಿ ಕಳೆದು 1784ರಲ್ಲಿ ಕಲ್ಕತ್ತೆಯನ್ನು ಮುಟ್ಟಿದನು. 1792ರಲ್ಲಿ ಮೆಕಾರ್ಟ್ನಿ ಪ್ರಭುವಿನ ಸಂಗಡ ಚೀನಾ ದೇಶಕ್ಕೆ ಚಿತ್ರಗಾರನಾಗಿ ಹೋದರೂ ಬಿಡಿಸಿದ್ದು ಅತ್ಯಲ್ಪ. ಆ ಕೆಲಸವನ್ನೆಲ್ಲ ಕೈಕೆಳಗಿನ ತರುಣನೇ ಮಾಡಿದನೆಂಬುದನ್ನು ಮುಚ್ಚಿಡುವುದು ನಮಗೆ ಸರಿದೋರದು.

1798ರಲ್ಲಿ ಇಬ್ಬರು ಹೆಣ್ಣುಮಕ್ಕಳೊಡನೆ ಮದ್ರಾಸಿಗೆ ಬಂದನು. ಮರುವರ್ಷ ಶ್ರೀರಂಗಪಟ್ಟಣ ಬಿದ್ದಿತು. ಅದುವರೆಗೆ ಟೀಪುವಿನ ಅಧೀನದಲ್ಲಿದ್ದ ನಮ್ಮ ಕರಾವಳಿಯೂ ಕಂಪನಿಯ ಕೈಸೇರಿತು. ಹಿಕಿಯು ಮೈಸೂರು ಸೀಮೆಗೆ ಹೋಗಿ ಟೀಪುವಿನ ಮಕ್ಕಳನ್ನೂ ದಿವಾನ್ ಪೂರ್ಣಯ್ಯನವರನ್ನೂ ಚಿತ್ರಿಸಿದನು. 1816ರಲ್ಲಿ ಬರೆದ ಕರ್ನಲ್ ಮೆಕೆಂಜಿಯ ಪಟದಲ್ಲಿ ಆತನ ಸಹಾಯಕನಾದ ಜೈನ ಪಂಡಿತ ಧರ್ಮಯ್ಯನೂ, ದೂರದಲ್ಲಿ ಕಾರ್ಕಳದ ಗೊಮ್ಮಟನೂ ಕಾಣುವರು. 1824ರಲ್ಲಿ ಮದ್ರಾಸಿನಲ್ಲಿಯೇ ಮರಣ ಹೊಂದಿದನು.

ಒಂದು ಚಿತ್ರದ ಮಾತನ್ನು ನಾವು ಕಡೆಗೆ ಇಟ್ಟುಕೊಂಡೆವು. 1805ರ ಸುಮಾರಿನಲ್ಲಿ ಮೈಸೂರಿನಲ್ಲಿ ಹಿಕಿಯು ಬರೆದನೆಂದು ಹೇಳುವ ಆ ಪಟದಲ್ಲಿ ಆಭರಣಗಳನ್ನು ಧರಿಸಿದ ಮೂವರು ಸ್ತ್ರೀಯರು ನಿಂತಿದ್ದಾರೆ. ಹೆಸರು ಬರೆದಿಡದ ಕಾರಣ ಬಹುಕಾಲ ಅವರನ್ನು ನರ್ತಕಿಯರೆಂದೇ ಎಣಿಸಿದರು. ಬಲಗಡೆಯ ಬಾಲೆಯು ಸೆರಗನ್ನು ಸರಿಸಿ ತೋಳಿನ ಮೇಲ್ಭಾಗವನ್ನು ತೋರಿಸುತ್ತಿರುವುದು ಏಕೆಂದು ಕೇಳಿದವರು ಈಚಿನ ಸಂಶೋಧಕರು. ಅದು ದೇವಿ ಹಾಕಿಸಿಕೊಂಡ ಸ್ಥಳವೆಂದು ಅವರ ಅಭಿಪ್ರಾಯ. ನಮ್ಮ ತಾಯಂದಿರ ತೋಳಿನಲ್ಲಿ ಆ ಗುರುತನ್ನು ನಾವೆಲ್ಲ ಕಂಡಿದ್ದೇವೆ. ಸಿಡುಬಿನ ಈ ಹೊಸ ಮದ್ದು ಮುಂಬಯಿಗೆ ಬಂದದ್ದು 1802ರಲ್ಲಿ. ಮೊದಲು ಹಾಕಿಸಿಕೊಂಡವಳು ಮೂರು ವರ್ಷದ ಹುಡುಗಿ. ಹಸುವಿನ ಸಿಡುಬಿನ ಕೀವನ್ನು ಮೈಗೆ ಸೇರಿಸುವುದೆಂದರೆ ಜನರು ಹೆದರುತ್ತಿದ್ದರು. ಅರಮನೆಯವರೇ ತೋಳು ತೋರಿಸಿದರೆ ಆ ಹೆದರಿಕೆ ಹೋದೀತೆಂದು ಪಟವನ್ನು ಬರೆಸಿರಬೇಕು. ನಡುವೆ ನಿಂತವರು ಬಾಲಕ ಕೃಷ್ಣರಾಜ ಒಡೆಯರ ಅಜ್ಜಿ ಲಕ್ಷ್ಮಮ್ಮಣ್ಣಿಯವರೆಂದೂ, ಎಡಬಲದವರು ಅವರ ಇಬ್ಬರು ರಾಣಿಯರೆಂದೂ ಊಹಿಸಿದ್ದಾರೆ. ವಿಚಿತ್ರವೆಂದರೆ ಆ ಇಬ್ಬರು ರಾಣಿಯರ ಹೆಸರೂ ದೇವಾಜಮ್ಮಣ್ಣಿಯೇ. ನಮ್ಮ ಹಾಜರಿ ಪುಸ್ತಕದಲ್ಲಿದ್ದರೆ ಒಂದು ಸಲ ಕರೆದಾಗ ಇಬ್ಬರೂ ಏಳುತ್ತಿದ್ದರು.