ಗುರುಗಳನ್ನು ರೂಪಿಸಿದ ಗುರು: ಡೆಪ್ಯುಟಿ ಚನ್ನಬಸಪ್ಪನವರು

ಸಕಲೇಶಪುರ, ಆಲೂರು ಸೀಮೆಯ ಬೆಟ್ಟಗಳಲ್ಲಿ ಕಾಫಿಯ ಹೂವು ಅರಳಿ ಉದುರುವ ಹೊತ್ತಿಗೆ ಶಾಲೆಗಳಿಗೆ ಬೇಸಿಗೆಯ ಬಿಡುವು ಸಮೀಪಿಸುತ್ತದೆ. ಮಕ್ಕಳಿಗೆ ಅದು ರಜೆ. ಪ್ರೌಢಶಾಲೆಯ ಮೇಲಿನ ತರಗತಿಗಳಿಗೆ ಪಾಠ ಹೇಳುವ ಎಷ್ಟೋ ಶಿಕ್ಷಕರಿಗೆ ಅದೇ ತರಬೇತಿಯ ಕಾಲ. ಕಲಿಸುವವರು ಮತ್ತೆ ಕಲಿಯುವುದೇಕೆ ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ. ಅದಕ್ಕೆ ಉತ್ತರವನ್ನು ನಾವು ಧಾರವಾಡದಲ್ಲಿ ಹುಟ್ಟಿ ಬೆಳೆದ ಒಬ್ಬ ಮಹನೀಯರ ಬಾಳಿನಲ್ಲಿ ಕಾಣುತ್ತೇವೆ. ಅವರೇ ಡೆಪ್ಯುಟಿ ಚನ್ನಬಸಪ್ಪನವರು.

1834ರಲ್ಲಿ ಲಿಂಗಾಯತ ಮನೆತನವೊಂದರಲ್ಲಿ ಜನಿಸಿದ ಚನ್ನಬಸಪ್ಪನವರು, ರೈಲು ಇಲ್ಲದ ಆ ಕಾಲದಲ್ಲಿ ಹೆಚ್ಚಿನ ವಿದ್ಯೆಗಾಗಿ ದೂರದ ಪುಣೆಗೆ ತೆರಳಿದರು. ಅಲ್ಲಿ ಇಂಜಿನಿಯರಿಂಗ್ ಅಭ್ಯಾಸ ಮಾಡಿದರು. ಆ ವಿದ್ಯೆಯಿಂದ ಅವರಿಗೆ ಒಳ್ಳೆಯ ಹುದ್ದೆ, ಸಂಪಾದನೆ ಎರಡೂ ಒದಗಬಹುದಾಗಿತ್ತು. ಆದರೂ ಅವರು ಆರಿಸಿಕೊಂಡದ್ದು ಶಿಕ್ಷಕ ಕಾಯಕವನ್ನು.

ಆಗ ಧಾರವಾಡ, ಬೆಳಗಾವಿ ಸೀಮೆಗಳು ಮುಂಬಯಿ ಆಧಿಪತ್ಯಕ್ಕೆ ಸೇರಿದ್ದವು. ಮನೆಯಲ್ಲಿ ಕನ್ನಡವಾಡುವ ಮಕ್ಕಳು ಶಾಲೆಯಲ್ಲಿ ಮರಾಠಿಯಲ್ಲಿ ಕಲಿಯಬೇಕಾಗಿತ್ತು. ಶಿಕ್ಷಣಾಧಿಕಾರಿ ರಸೆಲ್ ಅವರ ಬೆಂಬಲ ಪಡೆದು ಚನ್ನಬಸಪ್ಪನವರು ಕನ್ನಡ ಶಾಲೆಗಳಿಗಾಗಿ ದುಡಿದರು. ಶಾಲೆಯ ಭಾಷೆಯನ್ನು ಒಂದು ಆದೇಶದಿಂದ ಬದಲಿಸಬಹುದು. ಆ ಭಾಷೆಯಲ್ಲಿ ಗಣಿತ, ಭೂಗೋಳಗಳನ್ನು ಮಕ್ಕಳ ಮನಸ್ಸಿಗೆ ಮುಟ್ಟಿಸುವ ಶಿಕ್ಷಕರು ಆದೇಶದಿಂದ ಹುಟ್ಟುವುದಿಲ್ಲ. ಅವರನ್ನು ಸಿದ್ಧಪಡಿಸಬೇಕು. ಆದುದರಿಂದಲೇ ಶಿಕ್ಷಕರನ್ನು ತರಬೇತುಗೊಳಿಸುವ ನಾರ್ಮಲ್ ಶಾಲೆಯ ಹೊಣೆಯನ್ನು ಚನ್ನಬಸಪ್ಪನವರು ಶ್ರದ್ಧೆಯಿಂದ ಹೊತ್ತರು. ಮುಂದೆ ಶಿಕ್ಷಣ ಇಲಾಖೆಯ ಡೆಪ್ಯುಟಿ ಇನ್‌ಸ್ಪೆಕ್ಟರ್ ಆದಾಗ, ಆ ಹುದ್ದೆಯ ಹೆಸರೇ ಜನರ ಬಾಯಲ್ಲಿ ಅವರ ಹೆಸರಿನೊಡನೆ ಬೆರೆತುಹೋಯಿತು.

ತರಬೇತಿ ಮುಗಿಸಿ ಹಳ್ಳಿಗೆ ಮರಳಿದ ಶಿಕ್ಷಕ ಒಂಟಿಯಾಗಬಾರದಷ್ಟೆ. 1860ರ ದಶಕದಲ್ಲಿ ಶಿಕ್ಷಕರಿಗಾಗಿಯೇ ಹೊರಟ ಮಠಪತ್ರಿಕೆಯ ಹಿಂದೆಯೂ ಅವರ ಪರಿಶ್ರಮವಿತ್ತು. ಶಾಲೆಗೆ ಮಠವೆಂದೇ ಕರೆಯುತ್ತಿದ್ದ ಕಾಲವದು; ಅಕ್ಷರ ದಾಸೋಹ ನಡೆದುದು ಮಠಗಳ ಜಗಲಿಗಳಲ್ಲಿ ಎಂಬುದನ್ನು ಆ ಹೆಸರೇ ಸಾರುತ್ತದೆ. ಓದಲು ಕನ್ನಡದಲ್ಲಿ ಪುಸ್ತಕಗಳೂ ಬೇಕೆಂದು ಅರಿತು, ಷೇಕ್ಸ್‌ಪಿಯರನ ಕಾಮಿಡಿ ಆಫ್ ಎರರ್ಸ್ ನಾಟಕವನ್ನು ಅವರೇ ನಗದವರನ್ನು ನಗಿಸುವ ಕಥೆಯಾಗಿ ಕನ್ನಡಕ್ಕೆ ತಂದರು.

1881ರಲ್ಲಿ, ಐವತ್ತು ತುಂಬುವ ಮೊದಲೇ, ಅವರು ಲಿಂಗೈಕ್ಯರಾದರು. ಒಂಬತ್ತು ವರ್ಷಗಳ ತರುವಾಯ, 1890ರಲ್ಲಿ, ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಜನ್ಮತಾಳಿತು. ಅದರ ಕಾರ್ಯಕ್ಕೆ ಬೇಕಾದ ಓದುಬಲ್ಲ ಕನ್ನಡ ಜನತೆಯನ್ನು ಅವರೂ ಅವರ ಸಂಗಡಿಗರೂ ಅಷ್ಟರಲ್ಲಿ ಬೆಳೆಸಿದ್ದರು.

ಶಾಲೆಗೆ ಕೊಠಡಿ ಕಟ್ಟಿಸಿಕೊಡುವ ದಾನಿಗಳು ನಮ್ಮಲ್ಲಿ ಬಹಳ ಮಂದಿ ಇದ್ದಾರೆ; ಅದು ಪುಣ್ಯಕಾರ್ಯವೇ ಸರಿ. ಆದರೆ ಮಳೆಗಾಲದಲ್ಲಿ ಹಳ್ಳ ದಾಟಿ ಬರುವ ಮಗುವಿಗೆ ಆ ಕೊಠಡಿಯೊಳಗೆ ದೊರೆಯುವುದು ಗುರುವಿನ ಅರಿವಿನಷ್ಟೇ, ಅದಕ್ಕಿಂತ ಹೆಚ್ಚಿಲ್ಲ. ಗುರುವಿನ ಕಲಿಕೆಗೆ ನೀಡುವ ನೆರವೂ ದಾಸೋಹವೇ ಎಂಬುದನ್ನು ಸದ್ಭಕ್ತರು ಮನಗಾಣಬೇಕು. ಈ ಬೇಸಿಗೆಯಲ್ಲಿ ತರಬೇತಿಗೆ ತೆರಳುವ ನಮ್ಮೂರ ಶಿಕ್ಷಕರನ್ನು ಗೌರವದಿಂದ ಬೀಳ್ಕೊಡೋಣ. ಅವರು ಹೊಸದಾಗಿ ಕಲಿತು ತಂದುದನ್ನು ಆದರದಿಂದ ಕೇಳೋಣ. ಚನ್ನಬಸಪ್ಪನವರಿಗೆ ನಾವು ಸಲ್ಲಿಸಬಹುದಾದ ನಿಜವಾದ ಶರಣು ಇದೇ.