ಶರೀಫಜ್ಜನ ಹೆಸರಿರೋದು ಕೊನೆಯ ನುಡಿಯಲ್ಲಿ

ಇಂಡಿಪೆಂಡೆಂಟ್ ರಾಕ್ ಬ್ಯಾಂಡ್‌ಗಳ ಆಲ್ಬಮ್ಮು, ಲೈವ್ ಶೋಗಳ ಬಗ್ಗೆ ಬರೆಯುವವನು ನಾನು. ಹಾಡು ಕೇಳುವ ಮೊದಲೇ ಅದನ್ನು ಬರೆದವರು ಯಾರು ಅಂತ ನೋಡುವುದು ನನ್ನ ಚಟ. ಕನ್ನಡದ ಹಳೇ ಪದವೊಂದನ್ನು ಬ್ಯಾಂಡಿನವರು ಎತ್ತಿಕೊಂಡಿದ್ದಾರೆ ಅಂದರೆ ಅದು ಹೆಚ್ಚಾಗಿ ಶಿಶುನಾಳ ಶರೀಫರದ್ದೇ. ಆದರೆ ಸಾಹಿತ್ಯ ಅನ್ನುವ ಕಡೆ ಎಷ್ಟೋ ಸಲ ಜನಪದ ಅಂತ ಬರೆದು ಕೈತೊಳೆದುಕೊಂಡಿರುತ್ತಾರೆ. ಜನಪದ ಅಂದರೆ ಕಟ್ಟಿದವರು ಯಾರೋ ತಿಳಿಯದ ಹಾಡು. ಈ ಹಾಡುಗಳನ್ನು ಕಟ್ಟಿದವರಿಗೆ ಊರಿತ್ತು, ನೌಕರಿಯಿತ್ತು, ಸಂಸಾರವಿತ್ತು, ಗುರುವಿದ್ದರು.

ಶರೀಫರು ಹುಟ್ಟಿದ್ದು 1819ರಲ್ಲಿ, ಈಗಿನ ಹಾವೇರಿ ಜಿಲ್ಲೆ ಶಿಗ್ಗಾಂವಿ ತಾಲ್ಲೂಕಿನ ಶಿಶುನಾಳದಲ್ಲಿ. ತಂದೆ ಇಮಾಮ್ ಸಾಹೇಬ್, ತಾಯಿ ಹಜ್ಜೂಮಾ. 1824ರಲ್ಲಿ ಕಿತ್ತೂರಿನಲ್ಲಿ ಚೆನ್ನಮ್ಮ ಕಂಪನಿ ಸೈನ್ಯದ ಎದುರು ನಿಂತಾಗ ಇವರು ಐದು ವರ್ಷದ ಹುಡುಗ. ಅವರ ಬದುಕು ತಿರುಗಿದ್ದು ಕಳಸದ ಗೋವಿಂದ ಭಟ್ಟರು ಸಿಕ್ಕಾಗ. ನಿನ್ನ ತಂದೆ ಯಾರು ಅಂತ ಭಟ್ಟರು ಕೇಳಿದರಂತೆ. ನಿಮಗೂ ನನಗೂ ಇರುವ ತಂದೆ ಒಬ್ಬನೇ ಅನ್ನುವ ಅರ್ಥದ ಉತ್ತರ ಹುಡುಗನಿಂದ ಬಂತಂತೆ. ಕಥೆ ಎಲ್ಲರಿಗೂ ಗೊತ್ತು, ಸಿನಿಮಾದಲ್ಲೂ ನೋಡಿದ್ದೀವಿ. ಮುಂದೆ ಭಟ್ಟರು ಮುಸ್ಲಿಂ ಶಿಷ್ಯನಿಗೆ ಜನಿವಾರ ಹಾಕಿದರು ಅನ್ನುತ್ತಾರೆ. ಎರಡೂ ಕಡೆಯವರು ಮುನಿಸಿಕೊಂಡರು. ಗುರು ಶಿಷ್ಯರಿಬ್ಬರೂ ಕೇರ್ ಮಾಡಲಿಲ್ಲ.

ಕೆಲವು ಕಾಲ ಶರೀಫರು ಸುತ್ತಲ ಹಳ್ಳಿಗಳಲ್ಲಿ ಶಾಲಾ ಮಾಸ್ತರಿಕೆ ಮಾಡಿದರು, ಆಮೇಲೆ ಬಿಟ್ಟರು. ಕುಂದಗೋಳದ ಫಾತಿಮಾರನ್ನು ಮದುವೆಯಾದರು, ಒಬ್ಬ ಮಗಳು ಹುಟ್ಟಿದಳು. ಆ ಸಂಸಾರ ಬಹಳ ದಿನ ಉಳಿಯಲಿಲ್ಲ. ಉಳಿದದ್ದು ಹಾಡು ಮತ್ತು ತಿರುಗಾಟ.

ಲೈವ್ ಅಂತ ನಾವು ಇವತ್ತು ಕರೆಯೋದು ಅವರಿಗೆ ದಿನನಿತ್ಯದ ರೀತಿ. ಎದುರಿಗೆ ಏನು ಕಂಡಿತೋ ಅದೇ ಪದವಾಗುತ್ತಿತ್ತು: ಸೋರುವ ಮಾಳಿಗೆ, ಗುಡುಗುಡಿ, ಬಿದ್ದ ಮುದುಕಿ, ಕೋಳಿ, ಕೋಡಗ. ಮೊಹರಂ ಬಂದರೆ ಕರ್ಬಲಾದ ಪದಗಳನ್ನೂ ಕಟ್ಟಿದರು. ಪುಸ್ತಕ ಅಚ್ಚು ಹಾಕಿಸಲಿಲ್ಲ. ಕೇಳಿದವರ ಬಾಯಲ್ಲೇ ಹಾಡು ಊರೂರಿಗೆ ಹೋಯಿತು.

ಹಾಗೆ ಹೋಗುವಾಗ ಹೆಸರು ಕಳೆಯದಂತೆ ಒಂದು ಏರ್ಪಾಡಿತ್ತು, ಅಂಕಿತ. ಕೊನೆಯ ನುಡಿಯಲ್ಲಿ ಶಿಶುನಾಳಾಧೀಶ ಅಂತ ಊರ ದೇವರು ಬರುತ್ತಾನೆ, ಇಲ್ಲವೇ ಗುರು ಗೋವಿಂದ ಬರುತ್ತಾನೆ. ನಾನು ಕೇಳಿದ ಕೆಲವು ಶೋಗಳಲ್ಲಿ ಬ್ಯಾಂಡಿನವರು ಕತ್ತರಿಸಿದ್ದು ಇದೇ ನುಡಿಯನ್ನ. ಮೊದಲೆರಡು ನುಡಿ, ನಡುವೆ ಉದ್ದನೆಯ ಗಿಟಾರ್ ಸೋಲೋ, ಮತ್ತೆ ಪಲ್ಲವಿ, ಜನ ಕುಣಿದರು, ಮುಗೀತು. ಹೆಸರಿನ ಜೊತೆ ಅರ್ಥವೂ ಹೋಗುತ್ತದೆ. ಒಂದನ್ನೊಂದು ನುಂಗುತ್ತಾ ಬಂದ ಹಾಡಿನಲ್ಲಿ ಕಡೆಗೆ ಗುರುವಿನ ಪಾದ ಹಾಡುವವನನ್ನೇ ನುಂಗಬೇಕು. ಅದಿಲ್ಲದಿದ್ದರೆ ಕೋಳಿ ಕೋಡಗನನ್ನು ನುಂಗಿದ್ದು ಬರೀ ತಮಾಷೆ. ಗುಡುಗುಡಿಯ ಪದವೂ ಅಷ್ಟೇ. ಅಲ್ಲಿ ಸುಡೋದು ಮೋಹ. ಆದರೆ ಪಬ್ಬುಗಳಲ್ಲಿ ಅದು ಸೇದುವವರ ಗೀತೆಯಾಗಿದೆ.

ರಾಕ್ ಬೇಡ ಅಂತ ನನ್ನ ತಕರಾರಲ್ಲ. ಕ್ಯಾಸೆಟ್ ಕಾಲದಲ್ಲಿ ಸಿ. ಅಶ್ವತ್ಥ್, ಶಿವಮೊಗ್ಗ ಸುಬ್ಬಣ್ಣ ಇವನ್ನು ಮನೆಮನೆಗೆ ತಂದಾಗ ಅದೂ ಹೊಸ ಬಗೆಯೇ. 1990ರಲ್ಲಿ ನಾಗಾಭರಣರ ಸಿನಿಮಾ ಬಂತು, ಶ್ರೀಧರ್ ಶರೀಫರಾದರು, ಗಿರೀಶ್ ಕಾರ್ನಾಡ್ ಗೋವಿಂದ ಭಟ್ಟರಾದರು, ಸಂಗೀತ ಅಶ್ವತ್ಥರದ್ದು. 2008ರಲ್ಲಿ ರಘು ದೀಕ್ಷಿತ್ ಮೊದಲ ಆಲ್ಬಮ್ಮಿನಲ್ಲಿ ಗುಡುಗುಡಿಯನ್ನೂ ಸೋರುವ ಮಾಳಿಗೆಯನ್ನೂ ಇಟ್ಟರು. ಇಂಗ್ಲಿಷ್ ರಾಕ್ ಬಿಟ್ಟರೆ ಬೇರೆ ಕೇಳದ ಹುಡುಗರಿಗೆ ಶರೀಫರು ಸಿಕ್ಕಿದ್ದು ಹಾಗೆ. ಇದು ಸಣ್ಣ ಕೆಲಸವಲ್ಲ.

ನಮ್ಮ ದೊಡ್ಡಬಳ್ಳಾಪುರದ ಕಡೆ ಹಳ್ಳಿ ಭಜನೆಗಳಲ್ಲಿ ಹಾರ್ಮೋನಿಯಂ, ತಾಳ ಇಟ್ಟುಕೊಂಡು ಇವೇ ಪದ ಹಾಡುವ ಹಿರಿಯರಿದ್ದಾರೆ. ಶ್ರುತಿ ಅತ್ತಿತ್ತ ಹೋಗುತ್ತೆ, ಧಾರವಾಡದ ಮಾತು ನಮ್ಮ ಕಡೆ ಮಾತಾಗುತ್ತೆ. ಆದರೆ ಅಂಕಿತದ ನುಡಿ ಬಂದಾಗ ಲಯ ಇಳಿಸಿ ಅದನ್ನು ಎರಡೆರಡು ಸಲ ಹೇಳುತ್ತಾರೆ. ಶರೀಫರ ಊರು ಅವರಲ್ಲಿ ಎಷ್ಟೋ ಜನ ನೋಡಿಲ್ಲ.

ಶರೀಫರು ತೀರಿಕೊಂಡದ್ದು 1889ರಲ್ಲಿ, 70ರ ವಯಸ್ಸಿಗೆ. ಹಿಂದೂ ಮುಸ್ಲಿಮರಿಬ್ಬರೂ ತಮ್ಮ ತಮ್ಮ ಶಾಸ್ತ್ರ ಮಾಡಿದರು. ಶಿಶುನಾಳದ ಗದ್ದುಗೆಗೆ ಇಂದಿಗೂ ಇಬ್ಬರೂ ನಡೆದುಕೊಳ್ಳುತ್ತಾರೆ. ಈ ಹಾಡುಗಳಿಗೆ ರಾಯಲ್ಟಿ ಅಂತ ಯಾರಿಗೂ ಬಿಡಿಗಾಸು ಕೊಡಬೇಕಾಗಿಲ್ಲ. ಕೊಡಬೇಕಾಗಿರೋದು ಕ್ರೆಡಿಟ್ಟಿನಲ್ಲಿ ಒಂದು ಹೆಸರು, ಹಾಡಿನಲ್ಲಿ ಒಂದು ನುಡಿ.

ಅಂದ ಹಾಗೆ, ಸ್ವರ ಕೂಡದವನಿಗೆ ತಂಬೂರಿ ತೆಗೆದಿಡು ಅಂತ ಗದರಿಸುವ ಪದವನ್ನೂ ಅವರು ಬರೆದಿದ್ದಾರೆ. ಅಷ್ಟು ಖಾರದ ವಿಮರ್ಶೆ ನನ್ನಿಂದ ಇನ್ನೂ ಆಗಿಲ್ಲ.