ಹಿತ್ತಲಿನಾಚೆಯ ಲೋಕ

ಮೈಸೂರಿನ ಕಾಲೇಜು ರಸ್ತೆಯಲ್ಲೊಂದು ಅಯ್ಯಂಗಾರರ ಮನೆ; ಅದರ ಹಿಂಬದಿಯಲ್ಲಿ ಬಂಡಿಕೇರಿ. ಮುಂಬಾಗಿಲಿನ ಕಡೆ ಮಡಿ, ಓದು, ಸರ್ಕಾರಿ ನೌಕರಿಗಳ ಲೋಕವಾದರೆ, ಹಿತ್ತಲಿನಾಚೆ ಕುರುಬರ ಬೀದಿ; ಅಲ್ಲಿನ ನಡೆನುಡಿ ಬೇರೆ, ಗಾಳಿಯಲ್ಲಿ ತೇಲಿ ಬರುವ ವಾಸನೆಯೂ ಬೇರೆ. 1916ರ ನವೆಂಬರ್ 16ರಂದು ಹುಟ್ಟಿದ ಮೈಸೂರು ನರಸಿಂಹಾಚಾರ್ ಶ್ರೀನಿವಾಸರು ಬಾಲ್ಯದಲ್ಲಿ ಬೆರಗಿನಿಂದ ನೋಡಿದ್ದು ಈ ಎರಡನೆಯ ಲೋಕವನ್ನು. ಮಾನವಶಾಸ್ತ್ರಜ್ಞರು ಹಡಗನ್ನೇರಿ ದೂರದ ದ್ವೀಪಗಳಲ್ಲಿ ಕಂಡದ್ದನ್ನು ಈ ಹುಡುಗ ಹಿತ್ತಲಿನ ಬಾಗಿಲಲ್ಲಿ ನಿಂತು ಕಂಡನೆಂದರೆ ಅತಿಶಯೋಕ್ತಿಯಾಗಲಾರದು. ಹೆಚ್ಚುಕಡಮೆ ಹೀಗೆಯೇ ಅವರೂ ಮುಂದೆ ಹೇಳಿಕೊಂಡಿದ್ದಾರೆ.

ಮಹಾರಾಜ ಕಾಲೇಜಿನಲ್ಲಿ ಓದು ಮುಗಿಸಿ ಅವರು ಮುಂಬಯಿಗೆ ಹೋಗಿ ಘುರ್ಯೆಯವರ ಶಿಷ್ಯರಾದರು. ಮೈಸೂರಿನ ಮದುವೆ ಹಾಗೂ ಕುಟುಂಬ ಪದ್ಧತಿಯನ್ನು ಕುರಿತ ಅವರ ಮೊದಲ ಗ್ರಂಥ 1942ರಲ್ಲಿ ಅಚ್ಚಾಯಿತು. 1945ರಲ್ಲಿ ಆಕ್ಸ್‌ಫರ್ಡ್ ಸೇರಿ ರ‍್ಯಾಡ್‌ಕ್ಲಿಫ್-ಬ್ರೌನ್, ಇವಾನ್ಸ್-ಪ್ರಿಚರ್ಡ್ ಇವರ ಬಳಿ ಕಲಿತರು. ಕೊಡಗರ ಧರ್ಮ ಮತ್ತು ಸಮಾಜವನ್ನು ಕುರಿತು ಅವರು 1952ರಲ್ಲಿ ಹೊರತಂದ ಗ್ರಂಥದಿಂದ ಒಂದು ಪದ ಲೋಕಕ್ಕೆಲ್ಲ ಹರಡಿತು: ಸಂಸ್ಕೃತೀಕರಣ. ಜಾತಿಯೆಂಬುದು ಕಲ್ಲಿನಲ್ಲಿ ಕಡೆದಿಟ್ಟದ್ದಲ್ಲ. ಕೆಳಗಿನ ಜಾತಿಯೊಂದು ಮಾಂಸ ಮದ್ಯಗಳನ್ನು ತೊರೆದು, ಆಚಾರವನ್ನೂ ದೇವತೆಗಳನ್ನೂ ಮಾರ್ಪಡಿಸಿಕೊಂಡು, ಒಂದೆರಡು ತಲೆಮಾರುಗಳಲ್ಲಿ ಮೇಲಿನ ಸ್ಥಾನವನ್ನು ಕೇಳಬಲ್ಲುದು. ಆದರೆ ಇದರಿಂದ ಏರುವವರ ಮೆಟ್ಟಿಲು ಬದಲಾಗುತ್ತದೆಯೇ ಹೊರತು ಏಣಿ ಬದಲಾಗುವುದಿಲ್ಲ. ಮೊದಲು ಬ್ರಾಹ್ಮಣ ಮಾದರಿಗೇ ಹೆಚ್ಚು ಒತ್ತು ಕೊಟ್ಟೆನೆಂದು ಅವರು ಅನಂತರ ಒಪ್ಪಿಕೊಂಡು, ಆಯಾ ಪ್ರದೇಶದ ಪ್ರಬಲ ಜಾತಿಯೂ ಅನುಕರಣೆಗೆ ಮಾದರಿಯಾಗುತ್ತದೆಂದು ತಿದ್ದಿಕೊಂಡರು. ವಿದ್ವಾಂಸರಲ್ಲಿ ಇದು ಅಪರೂಪದ ಗುಣ.

ಎಂ.ಎ. ಓದುತ್ತಿದ್ದಾಗ ಗ್ರಂಥಾಲಯದಲ್ಲಿ ಈ ಪುಟಗಳನ್ನು ಓದಿ ನಾನು ಪುಸ್ತಕ ಮುಚ್ಚಿಟ್ಟು ಕುಳಿತದ್ದುಂಟು. ಕನಕಪುರದ ಕಡೆಯ ನಮ್ಮ ಮನೆಯಲ್ಲಿ ಅಜ್ಜಿಯ ಕಾಲದವರೆಗೆ ಮಾರಿಗೆ ಕುರಿ ಬೀಳುತ್ತಿತ್ತು. ನಮ್ಮ ತಂದೆಯವರು ಮೇಷ್ಟರಾದ ಮೇಲೆ ಅದು ನಿಂತು ಸತ್ಯನಾರಾಯಣ ಪೂಜೆ ಬಂದಿತು. ಇದನ್ನು ವಿವೇಕವೆಂದೇ ತಿಳಿದಿದ್ದೆ. ಅಜ್ಜಿ ಮಾತ್ರ ಆ ಪ್ರಸಾದವನ್ನು ಕಣ್ಣಿಗೊತ್ತಿಕೊಂಡು ಪಕ್ಕಕ್ಕಿಡುತ್ತಿದ್ದಳು.

ಶ್ರೀನಿವಾಸರ ಕೀರ್ತಿಗೆ ನಿಜವಾದ ತಳಹದಿ ರಾಂಪುರ. ಮೈಸೂರಿಗೆ ಹೆಚ್ಚು ದೂರವಲ್ಲದ ಕೊಡಗಹಳ್ಳಿಗೆ ಅವರು ಇಟ್ಟ ಹೆಸರದು. 1948ರಲ್ಲಿ ಅಲ್ಲಿ ತಿಂಗಳುಗಟ್ಟಲೆ ನೆಲೆಸಿದರು. ಬಿಡಾರ ಪಟೇಲರ ಎತ್ತಿನ ಮನೆಯಲ್ಲಿ. ಪರೀಕ್ಷಿಸಲು ಹೋದವರನ್ನು ಊರೇ ಪರೀಕ್ಷಿಸಿತು. ಸ್ನಾನವಾದ ಮೇಲೆ ಕ್ಷೌರ ಮಾಡಿಕೊಂಡದ್ದಕ್ಕೆ ಒಕ್ಕಲಿಗ ಪಟೇಲರು ಈ ಬ್ರಾಹ್ಮಣರನ್ನು ಆಕ್ಷೇಪಿಸಿದರಂತೆ! ನೆಲ, ಸಂಖ್ಯೆ, ಅಧಿಕಾರ ಮೂರೂ ಒಂದೆಡೆ ಕೂಡಿದಾಗ ಊರು ಯಾರ ಮಾತು ಕೇಳುತ್ತದೆಂಬುದನ್ನು ಅಲ್ಲಿ ಕಂಡೇ ಅವರು ಪ್ರಬಲ ಜಾತಿಯ ಕಲ್ಪನೆಯನ್ನು ರೂಪಿಸಿದರು. ಇಂದು ಚುನಾವಣೆ ಬಂದರೆ ಎಲ್ಲರ ಬಾಯಲ್ಲೂ ಇರುವ ‘ವೋಟ್ ಬ್ಯಾಂಕ್’ ಎಂಬ ಮಾತನ್ನು 1955ರಷ್ಟು ಹಿಂದೆಯೇ ಪ್ರಯೋಗಿಸಿದವರೂ ಅವರೇ. ಪ್ರಜಾಪ್ರಭುತ್ವ ಬಂದರೆ ಜಾತಿ ತಾನಾಗಿ ಕರಗುವುದೆಂದು ಹಲವರು ನಂಬಿದ್ದ ಕಾಲದಲ್ಲಿ, 1957ರ ವಿಜ್ಞಾನ ಸಮ್ಮೇಳನದ ವೇದಿಕೆಯಿಂದ, ಮತದಾನ ಜಾತಿಗೆ ಹೊಸ ಬಲವನ್ನೇ ಕೊಟ್ಟಿದೆಯೆಂದು ಹೇಳಿದರು.

ಬರೋಡ ಮತ್ತು ದೆಹಲಿಯ ವಿಶ್ವವಿದ್ಯಾನಿಲಯಗಳಲ್ಲಿ ಸಮಾಜಶಾಸ್ತ್ರ ವಿಭಾಗಗಳನ್ನು ಕಟ್ಟಿದರು. 1970ರ ಏಪ್ರಿಲಿನಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿದ್ದಾಗ ಕಿಡಿಗೇಡಿಗಳು ಹಚ್ಚಿದ ಬೆಂಕಿಗೆ ಅವರ ಕೊಠಡಿ ಸಿಕ್ಕಿತು. ರಾಂಪುರದ ಬಗೆಗೆ ವರ್ಷಗಳಿಂದ ವಿಂಗಡಿಸಿ ಸಿದ್ಧಪಡಿಸಿದ್ದ ಟಿಪ್ಪಣಿಗಳ ಮೂರು ಪ್ರತಿಗಳೂ ಅಲ್ಲೇ ಇದ್ದವು; ಮೂರೂ ಸುಟ್ಟವು. ಐವತ್ತಮೂರರ ಪ್ರಾಯದಲ್ಲಿ ಇಂಥ ಪೆಟ್ಟು ಯಾರನ್ನಾದರೂ ಕುಗ್ಗಿಸೀತು. ಸಾಲ್ ಟ್ಯಾಕ್ಸ್ ಎಂಬ ಮಿತ್ರರ ಸಲಹೆಯಂತೆ ಅವರು ನೆನಪಿನಿಂದಲೇ ಬರೆಯತೊಡಗಿದರು. 1976ರಲ್ಲಿ ಬಂದ ‘ದಿ ರಿಮೆಂಬರ್ಡ್ ವಿಲೇಜ್’ ಶಾಸ್ತ್ರಗ್ರಂಥವಾಗಿಯೂ ಕಾದಂಬರಿಯಂತೆ ಓದಿಸಿಕೊಳ್ಳುತ್ತದೆ. ಟಿಪ್ಪಣಿ ಉಳಿದಿದ್ದರೆ ಇಷ್ಟು ಜೀವಂತವಾದ ಪಟೇಲರು ನಮಗೆ ದೊರೆಯುತ್ತಿದ್ದರೆ ಎಂಬ ಶಂಕೆ ನನ್ನದು.

ಕೊರತೆಯಿಲ್ಲವೆಂದಲ್ಲ. ಪಟೇಲರ ಜಗಲಿಯಿಂದ ಊರು ಕಾಣುವ ಬಗೆಯೇ ಬೇರೆ, ಹೊಲಗೇರಿಯಿಂದ ಕಾಣುವ ಬಗೆಯೇ ಬೇರೆ. ಅನುಕರಿಸದೆ ಎದುರು ನಿಂತವರ ಕಥೆಗೆ ಸಂಸ್ಕೃತೀಕರಣವೆಂಬ ಪದ ಸಾಲದು. ಮೇಲ್ಜಾತಿಯವರೊಡನೆಯೇ ತಮ್ಮ ಒಡನಾಟ ಹೆಚ್ಚಾಗಿತ್ತೆಂಬುದನ್ನು ಅವರು ಮುಚ್ಚಿಡಲಿಲ್ಲವೆಂಬುದೇನೋ ದಿಟ.

1972ರಲ್ಲಿ ವಿ.ಕೆ.ಆರ್.ವಿ. ರಾವ್ ಅವರ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಗೆಂದು ಬೆಂಗಳೂರಿಗೆ ಬಂದ ಶ್ರೀನಿವಾಸರು, 1999ರ ನವೆಂಬರ್ 30ರಂದು ಇಲ್ಲಿಯೇ ನಿಧನರಾದರು.

ನಾನಿರುವ ಕೋಣನಕುಂಟೆಯ ಹೆಸರಿನಲ್ಲಿ ಕೋಣವೂ ಕುಂಟೆಯೂ ಇನ್ನೂ ಉಳಿದಿವೆ. 2021ರಿಂದ ಕ್ರಾಸಿನ ಮೇಲೆ ಮೆಟ್ರೋ ಓಡುತ್ತಿದೆ. ಕಳೆದ ವರ್ಷ ವಿದ್ಯಾರ್ಥಿಯೊಬ್ಬನಿಗೆ ಬಾಡಿಗೆ ಕೋಣೆ ಕೊಡಿಸಲು ಹಳೆಯ ಊರಿನ ಓಣಿಯೊಂದಕ್ಕೆ ಹೋಗಿದ್ದೆ. ಮನೆಯ ಯಜಮಾನರು ಜಾತಿಯನ್ನು ಕೇಳಲಿಲ್ಲ. ಊಟ ಯಾವ ಬಗೆಯದೆಂದು ವಿಚಾರಿಸಿದರು. ಹುಡುಗ ಬಾಯಿ ತೆರೆಯುವ ಮೊದಲೇ, ನಮ್ಮ ಮನೆಯಲ್ಲಿ ನಾವೆಲ್ಲ ಸಸ್ಯಾಹಾರಿಗಳೆಂದು ನಾನು ಹೇಳಿಬಿಟ್ಟೆ. ಅವರಿಗೆ ನನ್ನ ಮೇಲೆ ಗೌರವ ಹುಟ್ಟಿತು. ಹುಡುಗ ನನ್ನ ಮುಖವನ್ನೊಮ್ಮೆ ನೋಡಿ, ತಾನು ಮಾಂಸ ತಿನ್ನುವವನೆಂದು ಮೆಲ್ಲಗೆ ಹೇಳಿ, ಮೆಟ್ಟಿಲಿಳಿದು ಹೋದ. ಮರುದಿನ ಅವನು ತರಗತಿಯಲ್ಲಿ ಎಂದಿನ ಜಾಗದಲ್ಲಿ ಕುಳಿತಿದ್ದ. ನಾನು ಹಾಜರಿ ಕೂಗಿ ಪಾಠ ಆರಂಭಿಸಿದೆ.